ಮಗಳ ಫಿಸಿಕಲ್ ಲಿಟರಸಿ ಕ್ಲಾಸು, ಎಂಟು ವಾರ ಆದ್ಮೇಲೆ

ಮಗಳಿಗೆ ಒಂಬತ್ತು ವರ್ಷ, ಓಟದಲ್ಲಿ ಯಾವಾಗ್ಲೂ ಕೊನೆ, ಹಾಗಾಗಿ ಪಿಟಿ ಪೀರಿಯಡ್ ಇದ್ದ ದಿನ ಬೆಳಗ್ಗೆನೇ ಹೊಟ್ಟೆನೋವು ಶುರು ಆಗೋದು. ಅದಕ್ಕೇ ಈ ಕ್ಲಾಸಿಗೆ ಸೇರಿಸ್ದೆ. ಫಿಸಿಕಲ್ ಲಿಟರಸಿ ಅಂದ್ರೆ ಫಿಟ್‌ನೆಸ್‌ಗೇ ಇನ್ನೊಂದು ಹೆಸರು ಅನ್ಕೊಂಡಿದ್ದೆ, ಅಲ್ವಂತೆ.

ಮೊದಲ್ನೇ ದಿನ ಟೀಚರ್ ಅಪ್ಪ ಅಮ್ಮಂದಿರನ್ನ ಕೂರಿಸ್ಕೊಂಡು ಬಿಡಿಸಿ ಹೇಳಿದ್ರು. ಅಕ್ಷರ ಬಂದ್ರೆ ಯಾವ ಪುಸ್ತಕ ಬೇಕಾದ್ರೂ ಓದ್ಬಹುದಲ್ವಾ, ಹಾಗೇ ಓಡೋದು, ನೆಗೆಯೋದು, ಎಸೆಯೋದು, ಹಿಡಿಯೋದು, ಬ್ಯಾಲೆನ್ಸ್ ಮಾಡೋದು ಮೈಗೆ ಹತ್ತಿದ್ರೆ ಯಾವ ಆಟಕ್ಕೆ ಬೇಕಾದ್ರೂ ಇಳೀಬಹುದು. ಆದ್ರೆ ಅದು ಅರ್ಧ ಮಾತ್ರ. ಬ್ರಿಟನ್ನಿನ ಮಾರ್ಗರೆಟ್ ವೈಟ್‌ಹೆಡ್ ಬೆಳೆಸಿದ ವಿಚಾರ ಇದು, ಮಾಡೋಣ ಅನ್ನೋ ಮನಸ್ಸು, ಆಗುತ್ತೆ ಅನ್ನೋ ಧೈರ್ಯ, ಮೈಯಲ್ಲಿ ಕಸುವು, ಯಾಕೆ ಬೇಕು ಅನ್ನೋ ತಿಳುವಳಿಕೆ ಎಲ್ಲಾ ಸೇರಿ ಜೀವನಪೂರ್ತಿ ನಮ್ಮ ಓಡಾಟದ ಜವಾಬ್ದಾರಿ ನಾವೇ ಹೊತ್ಕೊಳ್ಳೋದು ಅಂತ ಅರ್ಥ. 2015ರಲ್ಲಿ ಕೆನಡಾದ ಸಂಸ್ಥೆಗಳು ಒಟ್ಟಾಗಿ ಒಪ್ಕೊಂಡ ವ್ಯಾಖ್ಯೆನೂ ಇದೇ.

ನನಗೆ ಮರೆಯೋಕಾಗದೇ ಇರೋದು ಮೂರನೇ ವಾರ. ಇವಳು ಬಲಗೈಯಲ್ಲಿ ಚೆಂಡು ಎಸೀವಾಗ ಬಲಗಾಲೇ ಮುಂದಿಡ್ತಿದ್ಲು, ಚೆಂಡು ನಾಲ್ಕು ಹೆಜ್ಜೆ ದೂರದಲ್ಲೇ ಬೀಳ್ತಿತ್ತು. ಟೀಚರ್ ತಪ್ಪು ಅಂತ ಒಂದು ಮಾತೂ ಹೇಳ್ಲಿಲ್ಲ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಡಗಾಲಿನ ಪಾದ ಬರೆದು ಇದನ್ನ ತುಳಿದು ಎಸಿ ಪುಟ್ಟಿ ಅಂದ್ರು. ಸೊಂಟ ತಿರುಗ್ತು, ಚೆಂಡು ಹೋಗಿ ಎದುರು ಗೋಡೆಗೆ ಧಡ್ ಅಂತ ಬಡೀತು. ಇವಳು ತಿರುಗಿ ನನ್ನ ಮುಖ ನೋಡಿದ್ಲು ನೋಡಿ, ಆಮೇಲೆ ಸಾಕು ಅಂದ್ರೂ ನಿಲ್ಲಿಸ್ಲಿಲ್ಲ.

ಆರನೇ ವಾರ ಮನೆ ಹಿರಿಯರನ್ನೂ ಕರ್ಕೊಂಡ್ ಬನ್ನಿ ಅಂದ್ರು, ನಮ್ಮತ್ತೆ ಬಂದ್ರು. ಕೈ ಊರದೆ ಕುರ್ಚಿಯಿಂದ ಏಳೋದು, ಒಂಟಿಕಾಲಲ್ಲಿ ನಿಲ್ಲೋದು ಮಾಡಿಸಿದ್ರು. 65 ದಾಟಿದವ್ರು ವಾರಕ್ಕೆ 3 ದಿನನಾದ್ರೂ ಬ್ಯಾಲೆನ್ಸು, ಶಕ್ತಿ ಎರಡಕ್ಕೂ ವ್ಯಾಯಾಮ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ, ಬೀಳೋದು ತಪ್ಪುತ್ತೆ ಅಂತ. ಈಗ ಬೆಳಗ್ಗೆ ಹಲ್ಲುಜ್ಜುವಾಗ ಅಜ್ಜಿ ಮೊಮ್ಮಗಳು ಇಬ್ರೂ ಒಂಟಿಕಾಲಲ್ಲೇ. ಅತ್ತೆ ಒಂದು ಕೈಯಲ್ಲಿ ಗೋಡೆ ಹಿಡ್ಕೊಂಡಿರ್ತಾರೆ.

ಬೇಜಾರಾಗಿದ್ದೂ ಇದೆ. ಇಪ್ಪತ್ತು ಚಿಲ್ಲರೆ ಮಕ್ಕಳಿಗೆ ಒಬ್ರೇ ಟೀಚರ್, ಕೆಲವು ದಿನ ಆಡಿದ್ದಕ್ಕಿಂತ ಲೈನಲ್ಲಿ ನಿಂತಿದ್ದೇ ಜಾಸ್ತಿ. ಅದಕ್ಕಿಂತ ಕೊನೇಲಿ ಕೊಟ್ಟ ರಿಪೋರ್ಟು, ಅದ್ರಲ್ಲಿ ಬರೀ ಓಟದ ಸೆಕೆಂಡು, ಜಿಗಿತದ ಸೆಂಟಿಮೀಟರು! ಮನಸ್ಸು, ಧೈರ್ಯ ಅಂತ ಅಷ್ಟು ಚೆನ್ನಾಗಿ ಹೇಳಿಕೊಟ್ಟವ್ರೇ ಅದ್ರ ಬಗ್ಗೆ ಒಂದು ಸಾಲೂ ಬರೀಲಿಲ್ಲ, ಮಗಳು ಅದನ್ನ ನೋಡಿ ಮತ್ತೆ ನಾನೇ ಲಾಸ್ಟಾ ಅಂತ ಕೇಳಿದ್ಲು. ಇದನ್ನ ಅವ್ರಿಗೂ ನೇರವಾಗಿ ಹೇಳಿದೀನಿ.

ಮೆಡಲ್‌ಗೆ ಕೋಚಿಂಗ್ ಹುಡುಕ್ತಿರೋರು ಬೇರೆ ಕಡೆ ನೋಡಿ. ಆಟ ಅಂದ್ರೆ ಹೆದರೋ ಮಗು ಇದ್ರೆ ಕಣ್ಮುಚ್ಚಿ ಸೇರಿಸಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದಿದ್ದು ಆ ರಿಪೋರ್ಟಿಗೆ.