ಎಕ್ಸ್‌ಕ್ಲೇಮ್ ಕೇಳಲು ಯಾವ ದಾರಿ: ಸಿಡಿಯೋ, ರಿಪ್ಪೋ, ಹೊಸ ಎಲ್‌ಪಿಯೋ?

ಅಮೆರಿಕದ ಬಾಸ್ಟನ್‌ನ ಎಕ್ಸ್‌ಕ್ಲೇಮ್ ರೆಕಾರ್ಡ್ ಲೇಬಲ್ 1982-83ರಲ್ಲಿ ತಂದ ಹಾರ್ಡ್‌ಕೋರ್ (ಪಂಕ್ ರಾಕ್‌ನ ಇನ್ನೂ ವೇಗದ, ಒರಟು ರೂಪ) ರೆಕಾರ್ಡುಗಳು ಬೆರಳೆಣಿಕೆಯಷ್ಟು. ಎಸ್‌ಎಸ್ ಡಿಕಂಟ್ರೋಲ್ (ಎಸ್‌ಎಸ್‌ಡಿ), ಎಫ್‌ಯೂಸ್, ಡಿವೈಎಸ್, ಜೆರ್ರಿಸ್ ಕಿಡ್ಸ್. ಇಷ್ಟೇ ಬ್ಯಾಂಡುಗಳು. ಮೂಲ ಪ್ರತಿಗಳ ಬೆಲೆ ನಮ್ಮಂಥವರ ಕೈಗೆಟುಕುವುದಿಲ್ಲ. ಹಾಗಾಗಿ ಉಳಿದ ಮೂರು ದಾರಿಗಳನ್ನು ನಾನು ಕೇಳಿ ನೋಡಿದೆ.

ಮೊದಲು ಸಿಗುತ್ತಿದ್ದದ್ದು 1992ರಲ್ಲಿ ಟ್ಯಾಂಗ್ ಲೇಬಲ್ ತಂದ ಎಸ್‌ಎಸ್‌ಡಿ ಸಂಕಲನ 'ಪವರ್'ನ ಸಿಡಿ. ಬ್ಯಾಂಡಿನ ಪರಿಚಯಕ್ಕೆ ಸಾಕು. ಆದರೆ ಅದು ಆಯ್ದ ಹಾಡುಗಳ ಗುಚ್ಛ. ಮೊದಲ ಆಲ್ಬಮ್ಮನ್ನು ಇಡಿಯಾಗಿ ಕೇಳಿದ ಅನುಭವ ಇದರಲ್ಲಿ ಬರುವುದಿಲ್ಲ.

2023ರಲ್ಲಿ ಟ್ರಸ್ಟ್ ರೆಕಾರ್ಡ್ಸ್ ಆ ಆಲ್ಬಮ್ಮನ್ನೇ ಮತ್ತೆ ತಂದಿತು: 'ದಿ ಕಿಡ್ಸ್ ವಿಲ್ ಹ್ಯಾವ್ ದೇರ್ ಸೇ'. ಹದಿನೆಂಟು ಹಾಡುಗಳು, ಒಂದರ ಬೆನ್ನಿಗೆ ಇನ್ನೊಂದು, ಉಸಿರಾಡಲೂ ಬಿಡುವುದಿಲ್ಲ. ಮುಖಪುಟದಲ್ಲಿ ಮ್ಯಾಸಚೂಸೆಟ್ಸ್ ಸ್ಟೇಟ್ ಹೌಸಿನ ಮೆಟ್ಟಿಲು ಹತ್ತಿ ನುಗ್ಗುವ ಹುಡುಗರ ಗುಂಪು. ಆ ಚಿತ್ರವನ್ನು ಎಲ್‌ಪಿಯ ಅಳತೆಯಲ್ಲೇ ನೋಡಬೇಕು. ಬ್ಯಾಂಡಿನ ಗಿಟಾರ್ ವಾದಕ ಅಲ್ ಬರೀಲ್ ಅವರ ಗಿಟಾರ್ ಇಲ್ಲಿ ದಪ್ಪಗೆ, ಎದೆಗೆ ಬಡಿಯುವ ಹಾಗೆ ಕೇಳುತ್ತದೆ. ಸದ್ದಿನ ಮಟ್ಟಿಗೆ ನನ್ನ ಓಟು ಇದಕ್ಕೇ.

ಆದರೆ ಎಸ್‌ಎಸ್‌ಡಿ ಅಂದರೆ ಇಡೀ ಎಕ್ಸ್‌ಕ್ಲೇಮ್ ಅಲ್ಲ ಅಲ್ವಾ? ಬರೀಲ್ ಶುರು ಮಾಡಿದ ಈ ಲೇಬಲ್ ಕಂಪನಿ ಅನ್ನುವುದಕ್ಕಿಂತ ಗೆಳೆಯರ ಗುಂಪಿನ ಗುರುತಾಗಿತ್ತು. ಆ ಗುಂಪಿನ ಕಸುವು ತಿಳಿಯಬೇಕಾದರೆ ಹಳೇ ಎಲ್‌ಪಿಗಳಿಂದ ಕಂಪ್ಯೂಟರಿಗೆ ಇಳಿಸಿದ ರಿಪ್‌ಗಳನ್ನು ಸಾಲಾಗಿ ಕೇಳಬೇಕು. ಚರಚರ ಸದ್ದು ಇದ್ದೇ ಇರುತ್ತದೆ. ಒಂದು ರಿಪ್ ಜೋರು, ಇನ್ನೊಂದು ಮೆಲ್ಲಗೆ. ಆದರೂ ಡಿವೈಎಸ್‌ನ 'ಬ್ರದರ್‌ಹುಡ್' ಮುಗಿದ ಕೂಡಲೇ ಜೆರ್ರಿಸ್ ಕಿಡ್ಸ್‌ನ 'ಈಸ್ ದಿಸ್ ಮೈ ವರ್ಲ್ಡ್?' ಹಾಕಿ ನೋಡಿ. ಎರಡೂ 1983ರವು. ಒಂದರಲ್ಲಿ ಗುಂಪಾಗಿ ಕೂಗುವ ಹುರುಪು, ಇನ್ನೊಂದರಲ್ಲಿ ತಡೆಯಿಲ್ಲದ ವೇಗ. ಒಂದೇ ಊರಿನ ಹುಡುಗರು ಒಬ್ಬರನ್ನೊಬ್ಬರು ಹುರಿದುಂಬಿಸಿದ್ದು ಆಗ ಕಿವಿಗೇ ತಿಳಿಯುತ್ತದೆ. ನನಗೆ ಈ ಲೇಬಲ್‌ನ ನಿಜವಾದ ಆಸ್ತಿ ಇದೇ.

ಎಸ್‌ಎಸ್‌ಡಿಯ ಆ ಮೊದಲ ಆಲ್ಬಮ್ ಮೇಲೆ ವಾಷಿಂಗ್ಟನ್‌ನ ಡಿಸ್ಕಾರ್ಡ್ ಲೇಬಲ್‌ನ ಹೆಸರೂ ಇದೆ. ಡಿಸ್ಕಾರ್ಡ್ ತನ್ನ ಹಳೇ ರೆಕಾರ್ಡುಗಳನ್ನು ಇವತ್ತಿಗೂ ಮಾರುತ್ತಿದೆ. ಎಕ್ಸ್‌ಕ್ಲೇಮ್‌ಗೆ ಆ ಭಾಗ್ಯ ಇರಲಿಲ್ಲ. ಅದರ ರೆಕಾರ್ಡುಗಳು ಬೇರೆ ಬೇರೆ ಲೇಬಲ್‌ಗಳ ಪಾಲಾದವು.

ಒಂದಕ್ಕೇ ದುಡ್ಡು ಹಾಕುವುದಾದರೆ ಟ್ರಸ್ಟ್‌ನ ಎಲ್‌ಪಿ ಕೊಳ್ಳಿ. ಎಸ್‌ಎಸ್‌ಡಿಯ ಎರಡನೇ ರೆಕಾರ್ಡ್ 'ಗೆಟ್ ಇಟ್ ಅವೇ' ಸೇರಿ ಉಳಿದದ್ದನ್ನು ಸದ್ಯಕ್ಕೆ ರಿಪ್‌ನಲ್ಲೇ ಕೇಳಿ, ಒಳ್ಳೆಯ ಮುದ್ರಣ ಕಂಡಾಗ ಒಂದೊಂದಾಗಿ ತಗೊಳ್ಳಿ. ಮೊದಲು ಹುಡುಕಬೇಕಾದದ್ದು ಜೆರ್ರಿಸ್ ಕಿಡ್ಸ್.