ಕರಿಮದ್ದು, ಪೈರೊಡೆಕ್ಸ್, ಟ್ರಿಪಲ್ ಸೆವೆನ್: ಮೂರನ್ನೂ ಬಳಸಿ ನೋಡಿದ ಮೇಲೆ

ಯಾವ ಮದ್ದು ಒಳ್ಳೆಯದು ಅಂತ ಕೇಳುವ ಮೊದಲು, ಬಾಯಿಯಿಂದ ಮದ್ದು ತುಂಬುವ ನಿಮ್ಮ ಕೋವಿಗೆ ಬೆಂಕಿ ಎಲ್ಲಿಂದ ಬರುತ್ತದೆ ಅಂತ ನೋಡಿ. ಚಕಮಕಿ ಕಲ್ಲಿನದಾದರೆ ಅಸಲಿ ಕರಿಮದ್ದು, ಬೇರೆ ಮಾತಿಲ್ಲ. ಕೇಪಿನ (ಬಡಿದರೆ ಕಿಡಿ ಕಾರುವ ಪುಟ್ಟ ಲೋಹದ ಟೊಪ್ಪಿ) ಕೋವಿಯಾದರೆ ಬದಲಿ ಮದ್ದೂ, ಅಂದರೆ ಪೈರೊಡೆಕ್ಸ್, ಟ್ರಿಪಲ್ ಸೆವೆನ್ ಥರದ್ದೂ, ನಡೆಯುತ್ತದೆ. ಡಬ್ಬಿಯ ಮೇಲೆ ಬರೆದಿರುವ ವೇಗ, ಶುಚಿ ಎಲ್ಲ ಆಮೇಲಿನ ಮಾತು. ನಾನು ಹೊಡೆಯುವುದು ಗುರಿಹಲಗೆಗೆ ಮಾತ್ರ. ನನ್ನ ಹತ್ತಿರ ಇರುವುದು .50 ಬೋರಿನ ಎರಡು ಕೋವಿ, ಚಕಮಕಿಯದೊಂದು, ಕೇಪಿನದೊಂದು. ಎರಡಕ್ಕೂ ಬಟ್ಟೆಯ ತುಂಡಿನಲ್ಲಿ ಸುತ್ತಿದ ದುಂಡು ಸೀಸದ ಗುಂಡು.

ಚಕಮಕಿಯಲ್ಲಿ ಏನಾಗುತ್ತದೆ ನೋಡಿ. ಕಲ್ಲು ಉಕ್ಕನ್ನು ಕೆರೆದು, ಕೆಂಪಗೆ ಕಾದ ಉಕ್ಕಿನ ಚೂರುಗಳು ಹೊರಗಿನ ಪುಟ್ಟ ಬಟ್ಟಲಲ್ಲಿರುವ ಸಣ್ಣ ಕಾಳಿನ ಮದ್ದಿನ ಮೇಲೆ ಬೀಳುತ್ತವೆ. ಅಲ್ಲಿನ ಉರಿ ಒಂದು ಸಣ್ಣ ತೂತಿನಲ್ಲಿ ನುಸುಳಿ ನಳಿಗೆಯೊಳಗಿನ ಮದ್ದನ್ನು ಮುಟ್ಟಬೇಕು. ಇಷ್ಟು ಸಣ್ಣ ಬೆಂಕಿಗೂ ಕರಿಮದ್ದು ಥಟ್ಟನೆ ಹೊತ್ತಿಕೊಳ್ಳುತ್ತದೆ. ಬದಲಿ ಮದ್ದುಗಳಿಗೆ ಇದಕ್ಕಿಂತ ಜಾಸ್ತಿ ಬಿಸಿ ಬೇಕು. ಹಾಗಾಗಿ ಬಟ್ಟಲಿನಲ್ಲಿ ಫುಸ್ ಅಂತ ಹೊಗೆ ಏಳುತ್ತದೆ, ಒಳಗಿನದು ಹಾಗೇ ಕೂತಿರುತ್ತದೆ. ಇಲ್ಲವೇ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಢಂ ಅನ್ನುತ್ತದೆ. ಇದೇ ಅಪಾಯ. ಈಡು ಹಾರಲಿಲ್ಲ ಅಂದರೆ ಕೋವಿಯ ಬಾಯಿ ಗುರಿಯ ಕಡೆಗೇ ಇರಲಿ, ಕನಿಷ್ಠ ಒಂದು ನಿಮಿಷ ಅಲ್ಲಾಡಿಸಬೇಡಿ.

ತಳಕ್ಕೆ ಚೂರು ಅಸಲಿ ಮದ್ದು ಹಾಕಿ ಮೇಲೆ ಬದಲಿಯದನ್ನು ತುಂಬುವವರೂ ಇದ್ದಾರೆ. ಅಸಲಿ ಡಬ್ಬಿ ಕೈಯಲ್ಲೇ ಇದೆ ಅಂದ ಮೇಲೆ ಈ ಕಸರತ್ತು ಯಾಕೆ? ನನ್ನದು ಸರಳ: ಬಟ್ಟಲಿಗೆ 4ಎಫ್, ನಳಿಗೆಗೆ 2ಎಫ್. ಎಫ್ ಹೆಚ್ಚಾದಷ್ಟೂ ಕಾಳು ಸಣ್ಣದು, ಉರಿಯುವುದೂ ಬೇಗ.

ಕೇಪಿನ ಕೋವಿಯ ಕಥೆ ಬೇರೆ. 11ನೇ ನಂಬರಿನ ಕೇಪು ಬಿಸಿ ಬೆಂಕಿಯನ್ನು ನೇರ ಒಳಗೆ ಕಳಿಸುತ್ತದೆ. ಪೈರೊಡೆಕ್ಸ್ ಆದರೂ, ಟ್ರಿಪಲ್ ಸೆವೆನ್ ಆದರೂ ಹೊತ್ತಿಕೊಳ್ಳುತ್ತದೆ, ಆ ದಾರಿ ಚೊಕ್ಕವಾಗಿದ್ದರೆ. ಇಲ್ಲಿ ಹೊಸಬರು ತಲೆ ಕೆಡಿಸಿಕೊಳ್ಳುವುದು ಅಳತೆಯ ವಿಚಾರದಲ್ಲಿ. ಅದೇ ಗಾತ್ರದ ಪೈರೊಡೆಕ್ಸ್ ಕರಿಮದ್ದಿಗಿಂತ ಸುಮಾರು 30 ಶೇಕಡಾ ಹಗುರ. ಕರಿಮದ್ದಿಗೆ ಬಳಸುವ ಅಳತೆ ಕೊಳವೆಯಲ್ಲೇ ಅಷ್ಟೇ ತುಂಬಬೇಕು. ಕೊಳವೆಯ 70ರ ಗುರುತಿನವರೆಗೆ ತುಂಬುವ ಬದಲು ತಕ್ಕಡಿಯಲ್ಲಿ 70 ಗ್ರೇನ್ (ಮದ್ದು ಅಳೆಯುವ ಸಣ್ಣ ಮಾನ) ತೂಗಿ ಸುರಿದರೆ ಈಡು ಬೇಕಾದ್ದಕ್ಕಿಂತ ತುಂಬಾ ಭಾರಿಯಾಗುತ್ತದೆ. ಟ್ರಿಪಲ್ ಸೆವೆನ್ ಇನ್ನೂ ಖಾರ. ಕರಿಮದ್ದಿನಷ್ಟೇ ವೇಗ ಸಾಕು ಅಂದರೆ ಅಳತೆಯಲ್ಲಿ 15 ಶೇಕಡಾ ಕಡಿಮೆ ಮಾಡಿ ಅಂತ ತಯಾರಕರೇ ಹೇಳುತ್ತಾರೆ. ಅಂದರೆ 70ರ ಬದಲು 60ರ ಹತ್ತಿರ. ನಾನು ಅದಕ್ಕೆ ಬೇರೆಯದೇ ಕೊಳವೆ ಇಟ್ಟಿದ್ದೇನೆ, ಕೆಂಪು ಟೇಪು ಸುತ್ತಿ.

ಇನ್ನು ಮಸಿ. ಜಾಹೀರಾತು ಜಾಸ್ತಿ ಸದ್ದು ಮಾಡುವುದು ಇಲ್ಲೇ, ನನಗೆ ಸಿಟ್ಟು ಬರುವುದೂ ಇಲ್ಲೇ. ಉರಿದ ಕರಿಮದ್ದಿನಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಒಂದಷ್ಟು ಬಿಳಿ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಗೆ ಅಂಟುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಮಸಿ ಮೆತ್ತಗಿರುತ್ತದೆ. ಒಣ ಹವೆಯಲ್ಲಿ ಗಟ್ಟಿಯಾಗಿ, ಗಜ (ಗುಂಡು ಗಿಡಿಯುವ ಕೋಲು) ಇಳಿಸುವಾಗ ಕರಕರ ಅನ್ನುತ್ತದೆ. ಪ್ರತಿ ಈಡಿನ ನಂತರ ಒಂದು ಒದ್ದೆ ಬಟ್ಟೆ ಆಡಿಸಿದರೆ ತೊಂದರೆಯಿಲ್ಲ, ಒಳಗೆ ಕಿಡಿ ಉಳಿದಿದ್ದರೂ ಆರುತ್ತದೆ. ಪೈರೊಡೆಕ್ಸಿನಲ್ಲಿ ಒರೆಸದೆ ಇನ್ನೂ ಕೆಲವು ಈಡು ಹೊಡೆಯಬಹುದು, ಅದು ನಿಜ. ಟ್ರಿಪಲ್ ಸೆವೆನ್ ತಳದ ಹತ್ತಿರ, ಗುಂಡು ಕೂರುವ ಜಾಗದಲ್ಲಿ, ಗಟ್ಟಿ ಕಿಟ್ಟದ ಉಂಗುರ ಕಟ್ಟುವುದಕ್ಕೆ ಹೆಸರುವಾಸಿ. ಆ ಉಂಗುರಕ್ಕೆ ತಾಗಿ ಗುಂಡು ಅರ್ಧದಲ್ಲೇ ನಿಂತರೆ ಹೊಡೆಯಲೇಬಾರದು. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿದೆಯೋ ಇಲ್ಲವೋ ಅಂತ ತಿಳಿಯಲು ಗಜದ ಮೇಲೆ ಗುರುತು ಹಾಕಿಕೊಳ್ಳಿ.

'ಶುಚಿಯಾಗಿ ಉರಿಯುತ್ತದೆ' ಅಂದರೆ ತುಕ್ಕು ಹಿಡಿಸುವುದಿಲ್ಲ ಅಂತ ಅರ್ಥವಲ್ಲ. ಪೈರೊಡೆಕ್ಸಿನಲ್ಲಿ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಇದೆ. ಅದು ಉರಿದರೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಉಕ್ಕಿನ ಮೇಲೆ ಉಪ್ಪು ಏನು ಮಾಡುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಮೂರರಲ್ಲಿ ಯಾವುದೇ ಹೊಡೆದರೂ ನಾನು ಅವತ್ತೇ ತೊಳೆಯುತ್ತೇನೆ. ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಎರಡು ಹನಿ ಸೋಪು, ನಳಿಗೆಯ ತಳ ಅದರೊಳಗೆ. ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ನೀರು ಒಳಗೆ ಎಳೆದುಕೊಂಡು ಕಪ್ಪಗೆ ಹೊರಬರುತ್ತದೆ. ಕರಿಮದ್ದು, ಪೈರೊಡೆಕ್ಸ್ ಎರಡರಲ್ಲೂ ಗಂಧಕ ಇರುವುದರಿಂದ ಕೊಳೆತ ಮೊಟ್ಟೆಯ ವಾಸನೆ. ಟ್ರಿಪಲ್ ಸೆವೆನ್‌ನಲ್ಲಿ ಗಂಧಕ ಇಲ್ಲ, ವಾಸನೆಯೂ ಇಲ್ಲ. ಮನೆಯವರ ವೋಟು ಅದಕ್ಕೇ. ಒಣಗಿಸಿ ಎಣ್ಣೆ ಹಚ್ಚಿ, ಮಾರನೆಯ ದಿನ ಒಂದು ಬಿಳಿ ಬಟ್ಟೆ ಇಳಿಸಿ ನೋಡಿ. ಕಂದು ಬಣ್ಣ ಬಂದರೆ ಮತ್ತೆ ಶುರು.

ಗುರಿಯ ವಿಷಯ ಎರಡೇ ಮಾತು. ಅಳತೆ, ಬಟ್ಟೆ, ಗಿಡಿಯುವ ಒತ್ತಡ ಮೂರೂ ಒಂದೇ ಸಮ ಇದ್ದರೆ ಹಲಗೆಯ ಮೇಲೆ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ.

ಬದಲಿ ಮದ್ದು ಹುಟ್ಟಿದ್ದಕ್ಕೆ ಕಾರಣವಿದೆ. ಕರಿಮದ್ದನ್ನು ಸ್ಫೋಟಕ ಅಂತ ಪರಿಗಣಿಸುವುದರಿಂದ ಸಾಗಿಸುವುದು, ಅಂಗಡಿಯಲ್ಲಿ ಇಡುವುದು ಎರಡೂ ತಲೆನೋವು. 1976ರಲ್ಲಿ ಪೈರೊಡೆಕ್ಸ್ ಬಂದದ್ದು ಆ ಕಷ್ಟ ತಪ್ಪಿಸಲು. ಹಾಗಂತ ಅದು ಸಾಧು ಅಲ್ಲ. ಅದನ್ನು ರೂಪಿಸಿದ ಡ್ಯಾನ್ ಪಾವ್ಲಾಕ್ 1977ರಲ್ಲಿ ತಮ್ಮದೇ ಕಾರ್ಖಾನೆಯ ಸ್ಫೋಟದಲ್ಲಿ ತೀರಿಕೊಂಡರು. ಕರಿಮದ್ದು ಯಾವಾಗಲೂ ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ. 2021ರಲ್ಲಿ ಅಮೆರಿಕದ ಗೋಯೆಕ್ಸ್ ಅನ್ನುವ ಕರಿಮದ್ದಿನ ತಯಾರಿಕೆ ನಿಂತಾಗ ಎಲ್ಲರಿಗೂ ಬಿಸಿ ತಟ್ಟಿತು. ಮರುವರ್ಷ ಎಸ್ಟಿಸ್ ಕಂಪನಿ ಅದನ್ನು ಕೊಂಡುಕೊಂಡಿತು.

ಬ್ಲ್ಯಾಕ್‌ಹಾರ್ನ್ 209 ಅನ್ನುವ ಇನ್ನೊಂದು ಬದಲಿ ಮದ್ದು ಹೇಗಿದೆ ಅಂತ ಕೇಳುವವರಿಗೆ: ಅದಕ್ಕೆ ಕೇಪಿಗಿಂತ ಬಿಸಿ ಬೆಂಕಿ ಕೊಡುವ 209 ಪ್ರೈಮರೇ ಬೇಕು. ನನ್ನ ಎರಡೂ ಕೋವಿಗೆ ಅದು ಆಗಿಬರುವುದಿಲ್ಲ. ತೋಟೆಗಳಲ್ಲಿ ತುಂಬುವ ಹೊಗೆಯಿಲ್ಲದ ಮದ್ದನ್ನಂತೂ ಇಂಥ ಕೋವಿಯ ಹತ್ತಿರಕ್ಕೂ ತರಬೇಡಿ, ನಳಿಗೆ ಸಿಡಿಯುತ್ತದೆ.

ಟ್ರಿಪಲ್ ಸೆವೆನ್ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಕೇಪಿನ ಕೋವಿಗೆ ಅದನ್ನೇ ಖಾಲಿ ಮಾಡುತ್ತೇನೆ. ಆಮೇಲೆ 2ಎಫ್ ಸಿಗದಿದ್ದರೆ ಮಾತ್ರ ಇನ್ನೊಂದು ಡಬ್ಬಿ.