ಮೂರು ಜಿಲ್ಲೆಗೆ ಒಂದೇ ಆಫೀಸು: ನನ್ನ ಓಟು ಕಲಬುರಗಿಗೆ

ನಮ್ಮದು ಹನಿ ನೀರಾವರಿ ಪೈಪು ಮಾರುವ ಕಂಪನಿ. ಬೀದರ್, ಕಲಬುರಗಿ, ಯಾದಗಿರಿ ಮೂರಕ್ಕೂ ಸೇರಿ ಒಂದು ಆಫೀಸು ಬೇಕಿತ್ತು. ಈಗ ಕಲಬುರಗಿಯಲ್ಲಿದ್ದೇವೆ, ಇಲ್ಲಿಂದ ಏಳುವ ಮಾತೇ ಇಲ್ಲ.

ಬಾಸ್‌ಗೆ ಬೀದರ್ ಮೇಲೆ ಮನಸ್ಸಿತ್ತು. ಎತ್ತರದ ಊರು, ಹವಾ ತಂಪು, ಬಾಡಿಗೆ ಕಡಿಮೆ, ಮಾಲು ಬರುವ ಹೈದರಾಬಾದ್ ಹತ್ತಿರ. ನೌಬಾದ್ ಕಡೆ ಮಳಿಗೆ ಹಿಡಿದು ಒಂದು ಹಂಗಾಮು ಕೂತೂ ನೋಡಿದೆವು. ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿಯ ಡೀಲರುಗಳು ಮೊದಲು ಕಲಬುರಗಿಗೆ ಬಂದು, ಅಲ್ಲಿಂದ ಮತ್ತೆ ನೂರು ಕಿಲೋಮೀಟರ್ ಮೇಲೆ ಬರಬೇಕು. 2017ರಲ್ಲಿ ಕಲಬುರಗಿ–ಬೀದರ್ ರೈಲು ಶುರುವಾಗಿದೆ ನಿಜ, ಆದರೆ ಅದರ ಟೈಮೂ ಡೀಲರ ಟೈಮೂ ಕೂಡಿಬರಬೇಕಲ್ಲ. 'ಸರ್, ನೀವೇ ಕಲಬುರಗಿಗೆ ಬರ್ರಿ' ಅನ್ನುವವರೇ ಎಲ್ಲ. ಕೊನೆಗೆ ಹಾಗೇ ಆಯಿತು.

ಯಾದಗಿರಿ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲಿದೆ. ಕಾರ್ಖಾನೆ ಹಾಕುವವರು ಕಡೇಚೂರು ಕೈಗಾರಿಕಾ ಪ್ರದೇಶ ನೋಡಬಹುದು. ಆದರೆ ಬೀದರ್ ಜಿಲ್ಲೆಯ ಔರಾದ್‌ನವರನ್ನು ಅಷ್ಟು ದೂರ ಕರೆಯಲು ನನಗೆ ಬಾಯಿ ಬರಲಿಲ್ಲ.

ಕಲಬುರಗಿಯಲ್ಲಿ ಕಾಡಿದ್ದು ಬಿಸಿಲು. ಜೇವರ್ಗಿ ರೋಡಿನಲ್ಲಿ ಸಿಕ್ಕಿದ್ದು ಮೇಲಿನ ಮಹಡಿ. ಮೇ ತಿಂಗಳಲ್ಲಿ ಸ್ಲ್ಯಾಬು ಕಾದ ಹಂಚು. ಎರಡು ಏಸಿ ಹಾಕಿಸಿದೆವು. ಮಧ್ಯಾಹ್ನ ಎರಡೂ ಓಡಿದರೆ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್ಚು, ಟಪ್ ಅಂತ ಬೀಳುತ್ತಿತ್ತು. ಅರ್ಧ ಹೊಡೆದ ಬಿಲ್ಲು ಪ್ರಿಂಟರಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಕಟ್ಟಡಕ್ಕೆ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ, ಬರೀ 3 ಕಿಲೋವ್ಯಾಟ್. ಜಾಸ್ತಿ ಮಾಡಿಸಲು ಮಾಲೀಕರ ಸಹಿ ಬೇಕು, ಮೀಟರ್ ಅವರ ಹೆಸರಿನಲ್ಲಿದೆ. ಅವರು ಮಗನ ಮನೆಗೆ ಪುಣೆಗೆ ಹೋಗಿದ್ದರು. ಫೋನ್ ಮಾಡಿದರೆ 'ಬರ್ತೀನ್ರಿ, ಬರ್ತೀನಿ'. ಅವರು ಬರುವ ಹೊತ್ತಿಗೆ ಮಳೆಯೇ ಬಂತು! ಅಲ್ಲಿಯವರೆಗೆ ಒಂದೇ ಏಸಿ, ಎಲ್ಲರೂ ಒಂದೇ ರೂಮು. ಈಗ ಲೋಡ್ ಏರಿದೆ, ತಿಂಗಳ ನಿಗದಿತ ಶುಲ್ಕವೂ ಏರಿದೆ. ಆದರೂ ಬೀದರ್‌ನಲ್ಲಿದ್ದಾಗ ಹುಡುಗರ ಪೆಟ್ರೋಲಿಗೆ, ಲಾಡ್ಜಿಗೆ ಹೋಗುತ್ತಿದ್ದ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಹೈಕೋರ್ಟ್ ಪೀಠ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲೇ ಇವೆ ಅಂತ ಕೆಲವರು ದೊಡ್ಡದಾಗಿ ಹೇಳುತ್ತಾರೆ. ನಮ್ಮ ಸಬ್ಸಿಡಿ ಫೈಲುಗಳು ಆಯಾ ಜಿಲ್ಲೆಯಲ್ಲೇ ಓಡಾಡುತ್ತವೆ, ಹಾಗಾಗಿ ನಮಗೆ ಅದರ ಉಪಯೋಗ ಅಷ್ಟಕ್ಕಷ್ಟೇ. ಸಂಜೆ ಊರಿಗೆ ವಾಪಸ್ ಹೋಗಲು ಡೀಲರಿಗೆ ಬಸ್ಸು ಸಿಗುತ್ತದಲ್ಲ, ನನಗೆ ಅದು ದೊಡ್ಡದು.

ನಿಮ್ಮ ಗಿರಾಕಿಗಳೆಲ್ಲ ಬೀದರ್ ಜಿಲ್ಲೆಯವರೇ ಆಗಿದ್ದರೆ ಸುಮ್ನೆ ಬೀದರ್ ಹಿಡಿಯಿರಿ. ಮೂರೂ ಜಿಲ್ಲೆ ಅಂದರೆ ಕಲಬುರಗಿ. ಆದರೆ ಕೆಳಮಹಡಿಯನ್ನೇ ಕೇಳಿ, ಅಡ್ವಾನ್ಸ್ ಕೊಡುವ ಮೊದಲು ಕರೆಂಟ್ ಬಿಲ್ಲಿನಲ್ಲಿ ಲೋಡ್ ಎಷ್ಟಿದೆ ಅಂತ ನೋಡಿ.